ಜೆಲಿಯಾನನ ಸೂತಕದ ಹಗ್ಗ

ಮೆಲುವಾನ್ ನದಿಯ ಮೇಲೆ ಕೆಳಗೆ ಎಲ್ಲಿ ಹೋಗಿ ರೆನಾಂಗ್ ಎಲ್ಲಿದ್ದಾನೆ ಎಂದು ಕೇಳಿದರೂ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ವೈಬಿ ಎಲ್ಲಿ ಎಂದರೆ ಮಾತ್ರ ನಾಯಿಯೂ ಎದ್ದು ದಾರಿ ತೋರಿಸುತ್ತದೆ. ಶಾಸಕರನ್ನು ಮಲೇಷ್ಯಾದ ನಮ್ಮ ಸರವಾಕಿನಲ್ಲಿ ಹಾಗೆ ಕರೆಯುವುದು ವಾಡಿಕೆ. ಏಳು ಚುನಾವಣೆ ಗೆದ್ದು, ತಲೆ ಬೆಳ್ಳಗೆ ಮಾಡಿಕೊಂಡು, ಸಕ್ಕರೆ ಕಾಯಿಲೆ ತರಿಸಿಕೊಂಡು ಒಂದೇ ಕುರ್ಚಿಯಲ್ಲಿ ಮೂವತ್ತೈದು ವರ್ಷ ಕೂತವನಿಗೆ ಅದೇ ಹೆಸರಾಗಿ ಅಂಟಿಕೊಂಡಿತ್ತು. ಹೆಂಡತಿ ಸುದೌ ಕೂಡ ಸಿಟ್ಟು ಬಂದ ದಿನ, ವೈಬಿಯವರು ಊಟಕ್ಕೆ ಏಳುತ್ತಾರೋ ಇಲ್ಲ ಸಭೆ ಮುಂದೂಡಿದೆಯೋ ಎಂದು ಕೇಳುತ್ತಿದ್ದಳು.

ರಾಜಧಾನಿ ಕುಚಿಂಗಿನ ವಿಧಾನಸಭೆಯಲ್ಲಿ ಅವನು ಬಾಯಿ ಬಿಟ್ಟದ್ದು ಕಡಿಮೆ. ಅಲ್ಲಿಯ ಏಸಿ ತಂಪಿಗೆ ನಿದ್ದೆ ಹತ್ತುತ್ತಿತ್ತು, ಅದನ್ನು ಅವನು ಮುಚ್ಚಿಡುತ್ತಲೂ ಇರಲಿಲ್ಲ. ಪೇಟೆಯ ಪತ್ರಿಕೆಯವರು ಮೂಗು ಮುರಿಯುತ್ತಿದ್ದರು. ಅವರಿಗೇನು ಗೊತ್ತು? ಮೇಲಿನ ಹೊಳೆಯ ಯಾವುದೋ ಮನೆಯಲ್ಲಿ ಮುದುಕಿ ಕಣ್ಣು ಮುಚ್ಚಿದಳೆಂದು ಸುದ್ದಿ ಬಂದರೆ ಸಭೆ ಬಿಟ್ಟು ವಿಮಾನ ಹತ್ತಿ, ಲಾಂಚು ಹತ್ತಿ, ಕೊನೆಗೆ ಮೋಟಾರು ದೋಣಿಯಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣಿಗೆ ಹೋಗಿ ಬರುತ್ತಿದ್ದವನು ಅವನೊಬ್ಬನೇ. ಯಾವ ಮನೆಯ ಮಗು ಯಾವ ಶಾಲೆಯಲ್ಲಿ ಫೇಲಾಗಿದೆ, ಯಾರ ಮಂಡಿಗೆ ನೋವು, ಯಾರ ಅಳಿಯ ಕುಡಿದು ಬಂದು ಬಡಿಯುತ್ತಾನೆ, ಎಲ್ಲ ಅವನ ನಾಲಿಗೆಯ ಮೇಲೆ. ಇದನ್ನು ರಾಜಕೀಯ ಎನ್ನುವುದಾದರೆ ಎನ್ನಿ.

ಅದಕ್ಕೇ ಸೂತಕದ ಹಗ್ಗ ಕತ್ತರಿಸಲು ಎಲ್ಲರೂ ಅವನನ್ನೇ ಕರೆಯುತ್ತಿದ್ದದ್ದು. ನಾವು ಇಬಾನರು ಬಾಳುವುದು ಉದ್ದಮನೆಗಳಲ್ಲಿ. ಮೂವತ್ತು ಸಂಸಾರಕ್ಕೆ ಮೂವತ್ತು ಬಾಗಿಲು, ಸೂರು ಮಾತ್ರ ಒಂದೇ, ಮುಂದಿನ ಜಗಲಿಯೂ ಒಂದೇ. ಒಬ್ಬರು ಸತ್ತರೆ ಎಲ್ಲರಿಗೂ ಸೂತಕ. ಸತ್ತವರ ಬಟ್ಟೆಬರೆಯನ್ನು ಪೆಟ್ಟಿಗೆಗೆ ತುಂಬಿ, ಹಗ್ಗ ಬಿಗಿದು ಅಟ್ಟಕ್ಕೆ ಏರಿಸುತ್ತೇವೆ. ಆ ಹಗ್ಗ ಕತ್ತರಿಸುವವರೆಗೆ ಜಾಗಟೆ ಬಾರಿಸುವಂತಿಲ್ಲ, ಬಣ್ಣದ ಬಟ್ಟೆ ಉಡುವಂತಿಲ್ಲ, ಮದುವೆ ಮಾಡುವಂತಿಲ್ಲ, ಜಗಲಿಯಲ್ಲಿ ಜೋರಾಗಿ ನಗುವಂತಿಲ್ಲ. ಕತ್ತರಿಸುವ ಕೈಯೂ ಅಂತಿಂಥದ್ದಾಗಬಾರದು. ಅಜ್ಜಂದಿರ ಕಾಲದಲ್ಲಿ ಶತ್ರುವಿನ ತಲೆ ತಂದವನೇ ಆಗಬೇಕಿತ್ತು. ಆ ಕಾಲ ಹೋಯಿತು, ಒಳ್ಳೆಯದೇ ಆಯಿತು. ಈಗ ದೂರ ದೇಶ ತಿರುಗಿ ಬಂದವನೋ ಪದವಿ ಗಳಿಸಿದವನೋ ಆದರೂ ನಡೆಯುತ್ತದೆ. ಆದರೆ ಕತ್ತಿ ಎತ್ತುವ ಮುಂಚೆ, ಇಂಥದ್ದು ಮಾಡಿದವನು ನಾನು, ಆ ಹಕ್ಕಿನಿಂದ ಕತ್ತರಿಸುತ್ತೇನೆ ಎಂದು ಜಗಲಿಗೆಲ್ಲ ಕೇಳುವಂತೆ ಹೇಳಬೇಕು. ಸತ್ತವರ ಮನೆಯವರು ಅದನ್ನು ಒಪ್ಪಬೇಕು. ಸುಳ್ಳು ಹೇಳಿ ಕತ್ತರಿಸಿದರೆ ಮುಂದಿನ ಸಾವು ಹೇಳಿದವನ ಮನೆಯಲ್ಲೇ.

ರೆನಾಂಗನಿಗೆ ಇದು ನೀರು ಕುಡಿದಷ್ಟು ಸಲೀಸು. ಈ ನದಿಯ ಜನ ಆರಿಸಿ ಕಳಿಸಿದ ಮನುಷ್ಯ ನಾನು ಎನ್ನುತ್ತಿದ್ದ, ಕತ್ತರಿಸುತ್ತಿದ್ದ, ತುವಾಕ್ ಎಂಬ ಅಕ್ಕಿಯ ಹೆಂಡ ಕುಡಿದು ಮುಂದಿನ ಮನೆಗೆ ಹೊರಡುತ್ತಿದ್ದ.

ಜೆಲಿಯಾನ್ ಸತ್ತು ಒಂದು ಸುಗ್ಗಿ ಹಬ್ಬ ಸದ್ದಿಲ್ಲದೆ ಕಳೆದ ಮೇಲೆ, ಅವನ ಹೆಂಡತಿ ಲೂತಾ ಹೇಳಿ ಕಳಿಸಿದಳು. ಹಗ್ಗ ಕತ್ತರಿಸಲು ರೆನಾಂಗನೇ ಬರಬೇಕು, ಮೊಮ್ಮಗಳ ಮದುವೆ ನಿಂತಿದೆ, ತಡಮಾಡಬೇಡ ಎಂದು. ಕೇಳಿದ ದಿನ ರೆನಾಂಗ್ ಊಟ ಮಾಡಲಿಲ್ಲ.

ಯಾಕೆಂದರೆ ಜೆಲಿಯಾನ್ ಅವನ ಎದುರಾಳಿ. ಒಂದು ಸಲದ ಎದುರಾಳಿಯಲ್ಲ, ಏಳು ಸಲದ್ದು. ದೋಣಿ ಎಂಜಿನ್ ರಿಪೇರಿ ಮಾಡಿಕೊಂಡಿದ್ದವನು, ಮರ ಕಡಿಯುವ ಕಂಪನಿ ಹೊಳೆಯನ್ನು ಕೆಸರು ಮಾಡಿತೆಂಬ ಸಿಟ್ಟಿಗೆ ಮೊದಲ ಸಲ ಚುನಾವಣೆಗೆ ನಿಂತ. ಸೋತ. ಆಮೇಲೆ ಪ್ರತಿ ಸಲವೂ ನಿಂತ, ಪ್ರತಿ ಸಲವೂ ಸೋತ. ಪ್ರಚಾರದ ಕಾಲದಲ್ಲಿ ದೋಣಿಗೆ ಮೈಕು ಕಟ್ಟಿಕೊಂಡು ರೆನಾಂಗನ ಮನೆ ಮುಂದೆಯೇ ಎಂಜಿನ್ ಆರಿಸಿ, ವೈಬಿ ಮಲಗಿದ್ದಾರೆ, ದಯವಿಟ್ಟು ಮೆಲ್ಲಗೆ ಮಾತಾಡಿ ಎಂದು ಊರಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ. ಎಣಿಕೆ ಮುಗಿದ ಮರುದಿನ ಒಂದು ಜಾಡಿ ತುವಾಕ್ ಹೊತ್ತುಕೊಂಡು ಅದೇ ಮನೆಯ ಮೆಟ್ಟಿಲು ಹತ್ತುತ್ತಿದ್ದ. ಸೋತವನೇ ಕುಡಿಸಬೇಕು ಎಂಬುದು ಅವನೇ ಮಾಡಿದ ಕಾನೂನು. ಇಬ್ಬರೂ ಕುಡಿದು, ಬೈದಾಡಿ, ಸುದೌಳ ಕೈಲಿ ಬೈಸಿಕೊಂಡು ಮಲಗುತ್ತಿದ್ದರು.

ಸೋಲು ಗೆಲುವು ಹೀಗೆ ತಮಾಷೆಯಲ್ಲಿ ಹೋಗುತ್ತಿತ್ತು ಎಂದುಕೊಳ್ಳಬೇಡಿ. ಜೆಲಿಯಾನನ ಉದ್ದಮನೆ ಅದರ ಬೆಲೆ ಕೊಟ್ಟಿತ್ತು. ಆ ಮನೆ ಏಳು ಸಲವೂ ಅವನಿಗೇ ವೋಟು ಹಾಕಿತು. ಎದುರು ಪಕ್ಷಕ್ಕೆ ಹಾಕಿದ ಮನೆಗಳ ಸರದಿ ಕೊನೆಗೆ ಎಂಬುದು ರೆನಾಂಗನ ಪಕ್ಷದಲ್ಲಿ ಯಾರೂ ಬರೆದಿಡದ, ಎಲ್ಲರೂ ಪಾಲಿಸುವ ನಿಯಮ. ಹಾಗಾಗಿ ರಸ್ತೆ ಆಚೆ ದಂಡೆಯ ಮನೆಯವರೆಗೆ ಬಂದು ನಿಂತುಬಿಟ್ಟಿತು. ರೆನಾಂಗ್ ಒಂದೆರಡು ಸಲ ಕುಚಿಂಗಿನಲ್ಲಿ ಕೇಳಿದ. ನೋಡೋಣ ಎಂದರು. ನೋಡೋಣ ಎಂದರೆ ಏನರ್ಥ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ತಾನೇ ಎಷ್ಟು ಜನಕ್ಕೆ ಹೇಳಿದ್ದನೋ. ಮತ್ತೆ ಕೇಳುವ ಧೈರ್ಯ ಮಾಡಲಿಲ್ಲ. ಆ ಮನೆಗೆ ಹೋದಾಗೆಲ್ಲ ಕೆಸರಿನಲ್ಲಿ ನಡೆಯುವ ಹೆಂಗಸರನ್ನು ಕಂಡು ಅವನ ಮುಖ ಸಪ್ಪಗಾಗುತ್ತಿತ್ತು.

ಹೊರಡಲು ಇನ್ನೇನು ವಾರವಿದೆ ಎನ್ನುವಾಗ ವಿಧಾನಸಭೆ ವಿಸರ್ಜನೆಯಾಯಿತು. ಹಿಂದೆಯೇ ಪಕ್ಷದ ಕಚೇರಿಯಿಂದ ಫೋನು. ನಿಮ್ಮ ಅನುಭವ ನಮಗೆ ದಾರಿದೀಪ, ನಿಮ್ಮ ಸೇವೆಯನ್ನು ಪಕ್ಷ ಮರೆಯುವುದಿಲ್ಲ ಎಂದು ಆ ಕಡೆಯವರು ಶುರು ಮಾಡಿದ್ದೇ ರೆನಾಂಗನಿಗೆ ತಿಳಿದುಹೋಯಿತು. ಹೀಗೆ ಹೊಗಳುವುದು ಒಂದೋ ಸತ್ತವರನ್ನು, ಇಲ್ಲ ಟಿಕೆಟ್ ತಪ್ಪಿದವರನ್ನು. ಈ ಸಲದ ಅಭ್ಯರ್ಥಿ ವಕೀಲ ಕ್ಲೆಮೆಂಟ್. ಲಂಡನ್ನಿನಲ್ಲಿ ಓದಿದವನು, ಒಳ್ಳೆಯ ಹುಡುಗ. ಅವನನ್ನು ನದಿಗೆಲ್ಲ ಪರಿಚಯ ಮಾಡಿಕೊಡಿ ಎಂದರು. ಜೆಲಿಯಾನನ ಮನೆಗೂ ಕರೆದುಕೊಂಡು ಹೋಗಿ, ಹಗ್ಗ ಅವನೇ ಕತ್ತರಿಸಲಿ, ಫೋಟೋ ಚೆನ್ನಾಗಿ ಬರುತ್ತದೆ ಎಂದೂ ಸೇರಿಸಿದರು.

ಸುದೌ ಮಾತ್ರ ಕುಣಿದಾಡುವುದೊಂದು ಬಾಕಿ. ಇನ್ನು ಮೇಲಾದರೂ ಗಂಡ ಮನೆಯಲ್ಲಿ ಕೂತು ಮೆಣಸಿನ ಬಳ್ಳಿ ನೋಡಿಕೊಳ್ಳುತ್ತಾನೆ ಎಂದು. ರೆನಾಂಗನಿಗೂ ಕುರ್ಚಿ ಹೋದದ್ದು ಅಷ್ಟಾಗಿ ನೋಯಲಿಲ್ಲ ಎಂದರೆ ನಂಬಬೇಕು. ನೋಯಿಸಿದ್ದು ಬೇರೆ. ಜೆಲಿಯಾನನ ಪೆಟ್ಟಿಗೆಯ ಮುಂದೆ ನಿಂತು ಏನು ಹೇಳುವುದು? ಜನ ಆರಿಸಿದ ಮನುಷ್ಯ ನಾನು ಎನ್ನುವಂತಿಲ್ಲ. ಆ ಮನೆಯಂತೂ ಅವನನ್ನು ಆರಿಸಿಯೇ ಇರಲಿಲ್ಲ. ಬೇರೆ ಏನು ಮಾಡಿದ್ದೇನೆ ಎಂದು ಹುಡುಕುತ್ತಾ ಹೋದರೆ ಕೈಗೆ ಏನೂ ಸಿಗಲಿಲ್ಲ. ಅವನ ಹಗ್ಗವನ್ನು ನಾನೇ ಕತ್ತರಿಸಬೇಕು ಎಂಬ ಆಸೆ ಒಂದು ಕಡೆ, ಕತ್ತರಿಸಲು ನಾನು ಯಾರು ಎಂಬ ಹೆದರಿಕೆ ಇನ್ನೊಂದು ಕಡೆ. ಇಷ್ಟು ವರ್ಷದ ಚುನಾವಣೆಗಳಲ್ಲಿ ಅವನಿಗೆ ಇಂಥ ಹೆದರಿಕೆ ಆಗಿರಲಿಲ್ಲ.

ದೋಣಿಯಲ್ಲಿ ಕ್ಲೆಮೆಂಟ್ ಕೇಳುವುದನ್ನೆಲ್ಲ ಕೇಳಿದ. ಯಾವ ಮನೆಯಲ್ಲಿ ಎಷ್ಟು ವೋಟು, ಯಜಮಾನ ಯಾರು, ಯಾರಿಗೆ ಯಾರು ಆಗುವುದಿಲ್ಲ. ರೆನಾಂಗ್ ಎಲ್ಲ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ. ಹುಡುಗನಿಗೆ ತಲೆಯೂ ಇತ್ತು, ಮರ್ಯಾದೆಯೂ ಇತ್ತು. ಕಲ್ಲುಗಳ ನಡುವೆ ನೀರು ಸುಳಿಯುವ ಕಡೆ ದೋಣಿ ಓಲಾಡಿದಾಗ ಮೊದಲು ಮುದುಕನ ತೋಳು ಹಿಡಿದುಕೊಂಡವನು ಅವನೇ.

"ಅಂಕಲ್, ನಿಜ ಹೇಳಿ. ಹಗ್ಗ ನಾನು ಕತ್ತರಿಸೋದು ನಿಮಗೆ ಬೇಜಾರಾ?"

"ನಂಗ್ಯಾಕೆ ಬೇಜಾರು? ಲಂಡನ್ ನೋಡಿ ಬಂದೋನು ನೀನು. ನಾನು ನೋಡಿರೋದು ಕುಚಿಂಗು, ಅದೂ ಅರ್ಧ ಕಣ್ಣು ಮುಚ್ಕೊಂಡು."

ಉದ್ದಮನೆ ಬಾಯಿಗೆ ಬೀಗ ಹಾಕಿಕೊಂಡಂತಿತ್ತು. ಜಾಗಟೆಗಳನ್ನು ಕವುಚಿ ಇಟ್ಟಿದ್ದರು. ಮಕ್ಕಳೂ ಪಿಸುಗುಟ್ಟುತ್ತಿದ್ದವು. ಮನೆಯ ಯಜಮಾನ ಉಂಪಾಂಗ್ ಇಬ್ಬರ ಕೈಯನ್ನೂ ಹಿಡಿದು ಬರಮಾಡಿಕೊಂಡ, ಆದರೆ ಕ್ಲೆಮೆಂಟನ ಕೈಯನ್ನು ಇನ್ನೊಂದಿಷ್ಟು ಹೊತ್ತು ಹಿಡಿದಿದ್ದ. ಅದರಲ್ಲಿ ತಪ್ಪೇನಿಲ್ಲ. ಮನೆಗೆ ರಸ್ತೆ ಬೇಕಿತ್ತು, ಗೆಲ್ಲುವವನು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ರೆನಾಂಗ್ ನೇರವಾಗಿ ಲೂತಾಳ ಬಾಗಿಲಿಗೆ ಹೋದ. ಅವಳು ಮಾಸಿದ ಕಪ್ಪು ಬಟ್ಟೆಯಲ್ಲಿ ಚಾಪೆಯ ಮೇಲೆ ಕೂತು ಎಲೆ ಅಡಿಕೆ ಮಡಿಸುತ್ತಿದ್ದಳು. ಕೆನ್ನೆ ಒಳಗೆ ಹೋಗಿತ್ತು. ಅವನು ಎದುರಿಗೆ ಕೂತ. ಸಮಾಧಾನದ ಮಾತು ಆಡಲು ಬಂದವನಿಗೆ ಆ ಮಾತು ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ವ್ಯವಹಾರದ ಮಾತು.

"ಅಕ್ಕ, ಹಗ್ಗ ಆ ಹುಡುಗ ಕತ್ತರಿಸ್ಲಿ. ಗೆಲ್ಲೋದು ಅವನೇ. ಈ ಮನೆ ಕೈಯಿಂದ ಗೌರವ ತಗೊಂಡು ಹೋದ್ರೆ ಆಮೇಲೆ ಇಲ್ಲ ಅನ್ನೋಕಾಗಲ್ಲ. ರಸ್ತೆ ಬರತ್ತೆ. ನನ್ನ ಕೈಲಿ ಆಗದಿದ್ದದ್ದು ಹೀಗಾದ್ರೂ ಆಗ್ಲಿ."

ಲೂತಾ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದಳು.

"ರಸ್ತೆ ಮಾತು ಆಮೇಲೆ. ನಿಂಗೆ ಹೇಳೋಕೆ ಏನೂ ಇಲ್ಲ ಅಂತ ಹೆದರಿಕೊಂಡಿದ್ದೀಯ, ಅಲ್ವಾ?"

ರೆನಾಂಗ್ ಕಣ್ಣು ತಪ್ಪಿಸಿದ. ಮೂವತ್ತೈದು ವರ್ಷ ಎಂಥೆಂಥ ಪ್ರಶ್ನೆಯಿಂದಲೋ ಜಾರಿಕೊಂಡವನಿಗೆ ಈ ಮುದುಕಿಯ ಮುಂದೆ ಜಾರಲು ಜಾಗ ಸಿಗಲಿಲ್ಲ.

ಅವಳೇ ಒಂದು ದಾರಿ ಹೇಳಿದಳು. ಹುಡುಗನೇ ಕತ್ತರಿಸಲಿ ಎಂದು ಯಜಮಾನ ಆಗಲೇ ಹೇಳಿದ್ದಾನೆ, ಆ ಮಾತನ್ನು ತೆಗೆದುಹಾಕುವ ಹಾಗಿಲ್ಲ, ಹುಡುಗನೇ ಮೊದಲು ನಿಂತು ತನ್ನ ಹಕ್ಕು ಹೇಳಲಿ. ತಾನು ಒಪ್ಪಿದರೆ ಅವನೇ ಕತ್ತರಿಸುತ್ತಾನೆ. ಒಪ್ಪದಿದ್ದರೆ ರೆನಾಂಗ್ ನಿಲ್ಲಬೇಕು. ಅವನ ಮಾತನ್ನೂ ಒಪ್ಪಲಾಗದಿದ್ದರೆ ಪೆಟ್ಟಿಗೆ ಇನ್ನೊಂದು ಸುಗ್ಗಿಯವರೆಗೆ ಅಟ್ಟಕ್ಕೆ ಹೋಗುತ್ತದೆ, ಮೊಮ್ಮಗಳ ಮದುವೆಯೂ ಕಾಯುತ್ತದೆ.

"ಮೊಮ್ಮಗಳ ಮುಖ ನೋಡಿಯಾದ್ರೂ ಒಪ್ಕೋ ಅಕ್ಕ, ಯಾರು ಏನೇ ಹೇಳಿದ್ರೂ."

"ಸುಳ್ಳಿಗೆ ಹೂಂ ಅಂದ್ರೆ ಜೆಲಿಯಾನ್ ನನ್ನ ಬಿಡ್ತಾನಾ?" ಎಂದು ಎಲೆಯನ್ನು ಅವನ ಕೈಗಿಟ್ಟಳು.

ಮಧ್ಯಾಹ್ನ ಎಲ್ಲರೂ ಜಗಲಿಯಲ್ಲಿ ಸೇರಿದರು. ಅಟ್ಟದಿಂದ ಪೆಟ್ಟಿಗೆ ಇಳಿಸಿ ಚಾಪೆಯ ಮೇಲಿಟ್ಟರು. ಹಗ್ಗಕ್ಕೆ ಧೂಳು ಹತ್ತಿತ್ತು. ಅದರ ಮುಂದೆ ಅಕ್ಕಿ, ಮೊಟ್ಟೆ, ತುವಾಕಿನ ಲೋಟ. ಪಕ್ಕದಲ್ಲಿ ಜೆಲಿಯಾನನ ಹಳೆಯ ಕತ್ತಿ. ಯಜಮಾನ ಉಂಪಾಂಗ್ ಸತ್ತವರನ್ನೂ ಬದುಕಿದವರನ್ನೂ ಕರೆದು ಹೇಳಬೇಕಾದ್ದನ್ನೆಲ್ಲ ಹೇಳಿ, ಕತ್ತಿಯನ್ನು ಎತ್ತಿ ಕ್ಲೆಮೆಂಟನ ಕೈಗೆ ಕೊಟ್ಟ.

ಕ್ಲೆಮೆಂಟ್ ಚೆನ್ನಾಗಿಯೇ ಶುರು ಮಾಡಿದ. ತನ್ನ ಅಜ್ಜನ ಹೆಸರು ಹೇಳಿದ, ಹೊಳೆಯ ಹೆಸರು ಹೇಳಿದ. ಸಮುದ್ರ ದಾಟಿ ಲಂಡನ್ನಿಗೆ ಹೋದವನು ನಾನು, ಐದು ವರ್ಷ ಅಲ್ಲಿದ್ದು ಮರಳಿ ಬಂದವನು ಎಂದ. ಮುದುಕರು ತಲೆದೂಗಿದರು. ನಮ್ಮಲ್ಲಿ ದೂರ ಹೋಗಿ ಬರುವುದು ಸಣ್ಣ ವಿಷಯವಲ್ಲ. ಆದರೆ ಹೋದವನು ಬರಿಗೈಯಲ್ಲಿ ಬರುವಂತಿಲ್ಲ. ಒಂದು ಜಾಡಿಯೋ ಜಾಗಟೆಯೋ ಹೊತ್ತು ತರಬೇಕು. ಅದನ್ನೇ ಲೂತಾ ಕೇಳಿದಳು.

"ಅಲ್ಲಿಂದ ಏನು ತಂದೆ ಮಗಾ?"

"ಕಾನೂನು ಕಲಿತು ಬಂದೆ ಅಜ್ಜಿ."

"ಒಳ್ಳೇದು. ಅದ್ರಿಂದ ನಮ್ಮ ಹೊಳೇಲಿ ಯಾರಿಗೆ ಏನಾಯ್ತು?"

ಕ್ಲೆಮೆಂಟನ ಮುಖ ಅರಳಿತು. ಈ ಪ್ರಶ್ನೆಗೆ ಪಕ್ಷದವರು ಅವನನ್ನು ತಯಾರು ಮಾಡಿದ್ದರು. ಗೆದ್ದ ಮೊದಲ ವರ್ಷವೇ ಈ ಮನೆಯ ಮೆಟ್ಟಿಲಿಗೆ ರಸ್ತೆ ತರುತ್ತೇನೆ ಎಂದ. ಗಂಟಲಲ್ಲಿ ದನಿ ಚೆನ್ನಾಗಿತ್ತು. ಚುನಾವಣೆ ಭಾಷಣ ಕೇಳಿ ಕೇಳಿ ರೂಢಿಯಾಗಿದ್ದ ಕೆಲವರು ಚಪ್ಪಾಳೆ ತಟ್ಟಲು ಕೈ ಎತ್ತಿ, ಎಲ್ಲಿದ್ದೇವೆಂದು ನೆನಪಾಗಿ ಇಳಿಸಿದರು.

"ತರ್ತೀನಿ ಅನ್ನೋದನ್ನ ಸತ್ತವನ ಮುಂದೆ ಹೇಳಬಾರದು ಮಗಾ," ಎಂದಳು ಲೂತಾ, ಬೈಯುವಂತಲ್ಲ, ತಿದ್ದುವಂತೆ. "ಅವನು ನೋಡೋಕಿರಲ್ಲ."

ಹುಡುಗನ ಕಿವಿ ಕೆಂಪಾಯಿತು. ವಾದ ಮಾಡಲಿಲ್ಲ. ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಯಜಮಾನನಿಗೆ ಮರಳಿಸಿ ಕೂತ. ಉಂಪಾಂಗನ ಮುಖದಲ್ಲಿ ರಸ್ತೆ ಕೈಬಿಟ್ಟುಹೋದ ಸಂಕಟ ಕಾಣುತ್ತಿತ್ತು. ಕತ್ತಿ ರೆನಾಂಗನ ಮುಂದೆ ಬಂತು.

ಅವನು ಎದ್ದ. ಕತ್ತಿ ತೆಗೆದುಕೊಂಡ. ಹುಡುಗನ ಬಾಯಲ್ಲಿ ಬಂದ ಮಾತು ತನ್ನದೇ ಎಂದು ಅವನಿಗೆ ಗೊತ್ತಿತ್ತು. ಈ ಜಗಲಿಯಲ್ಲೇ ನಿಂತು ಎಷ್ಟು ಸಲ ತರುತ್ತೇನೆ, ಮಾಡುತ್ತೇನೆ, ಕೊಡಿಸುತ್ತೇನೆ ಎಂದಿರಲಿಲ್ಲ? ಬೇರೆ ಮನೆಗಳಿಗೆ ಕೊಡಿಸಿದ್ದೂ ಉಂಟು. ನೀರಿನ ಪೈಪು, ಶಾಲೆಗೆ ತಗಡು, ಔಷಧಿಯ ದೋಣಿ. ಆದರೆ ಅದನ್ನೆಲ್ಲ ಈ ಮನೆಯಲ್ಲಿ ಹೇಳಿದರೆ ಉಣ್ಣದವರ ಮುಂದೆ ಊಟದ ಸುದ್ದಿ ಹೇಳಿದ ಹಾಗೆ. ಅವನು ಪೆಟ್ಟಿಗೆಯನ್ನೇ ನೋಡುತ್ತಾ ನಿಂತ. ಆ ಪೆಟ್ಟಿಗೆಯ ಒಡೆಯ ಈಗ ಇಲ್ಲಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಎನ್ನಿಸಿತು. ಎನ್ನಿಸಿದ್ದೇ, ಹೇಳಬೇಕಾದ್ದು ಏನೆಂದು ಅವನಿಗೆ ತಿಳಿಯಿತು.

"ನಾನು ರೆನಾಂಗ್. ಈಗ ವೈಬಿ ಅಲ್ಲ. ಲಂಡನ್ನಿಗೆ ಹೋದವನೂ ಅಲ್ಲ. ಈ ಮನೆಗೆ ನಾನೇನೂ ತಂದುಕೊಡ್ಲಿಲ್ಲ, ಅದು ನಿಮಗೇ ಗೊತ್ತು."

ಯಾರೂ ಇಲ್ಲ ಎನ್ನಲಿಲ್ಲ.

"ಈ ನದೀಲಿ ಜೆಲಿಯಾನ್‌ಗಿಂತ ಗಟ್ಟಿ ಮನುಷ್ಯ ಇರ್ಲಿಲ್ಲ. ಕಂಪನಿಯವರು ಕೊಂಡ್ಕೊಳ್ಳೋಕೆ ಬಂದ್ರು, ಆಗ್ಲಿಲ್ಲ. ಲಾಕಪ್ಪಲ್ಲಿ ಕೂರಿಸಿ ಹೆದರಿಸಿದ್ರು, ಹೆದರ್ಲಿಲ್ಲ. ನಮ್ಮ ಪಕ್ಷದವರು ಟಿಕೆಟ್ ಕೊಡ್ತೀವಿ ಬಾ ಅಂತ ಕರೆದ್ರು, ಉಗಿದು ಕಳಿಸಿದ. ಅಂಥವನನ್ನ ಸೋಲಿಸಿದವನು ಈ ಭೂಮಿ ಮೇಲೆ ಒಬ್ಬನೇ. ಏಳು ಸಲ ಸೋಲಿಸಿದೆ. ಅದು ನಾನು ಮಾಡಿದ ಕೆಲಸ. ಅದಕ್ಕಿಂತ ದೊಡ್ಡದು ನನ್ನ ಕೈಲಿ ಬೇರೆ ಆಗ್ಲಿಲ್ಲ. ಆ ಹಕ್ಕಿಂದ ಕತ್ತರಿಸ್ತೀನಿ."

ಕೊನೆಯ ಬಾಗಿಲಿನ ಮುದುಕನೊಬ್ಬ ಹೂಂ ಎಂದ. ಅವನ ಅಜ್ಜಂದಿರು ಇದೇ ಜಾಗದಲ್ಲಿ, ಇದೇ ರೀತಿ, ತಾವು ಗೆದ್ದ ಶತ್ರುವಿನ ಗುಣಗಾನ ಮಾಡಿ ಆಮೇಲೆ ಕತ್ತಿ ಎತ್ತುತ್ತಿದ್ದರು. ಶತ್ರು ಎಷ್ಟು ದೊಡ್ಡವನೋ ಕೈ ಅಷ್ಟು ದೊಡ್ಡದು. ರೆನಾಂಗ್ ಲೂತಾಳ ಕಡೆ ತಿರುಗಿದ. ಅವಳು ಇನ್ನೂ ಒಪ್ಪಿರಲಿಲ್ಲ.

"ಪೂರ್ತಿ ಹೇಳು," ಎಂದಳು.

ಅವನಿಗೆ ಅರ್ಥವಾಯಿತು. ಕತ್ತಿಯನ್ನು ಕೆಳಗೆ ಮಾಡಿದ.

"ಈ ಮನೆಯೊಳಗೆ ಏಳು ಸಲಾನೂ ಅವನೇ ಗೆದ್ದ. ನಾನು ಒಂದು ಸಲಾನೂ ಗೆಲ್ಲಲಿಲ್ಲ."

ಲೂತಾಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆ ಎಂದು ಮೊಮ್ಮಗಳು ಬೆನ್ನಿಗೆ ಕೈ ಹಾಕಿದಳು. ಅಳುವಲ್ಲ, ನಗು. ಹಗ್ಗ ಕತ್ತರಿಸದೆ ಜಗಲಿಯಲ್ಲಿ ನಗುವಂತಿಲ್ಲ, ಅದೂ ಸತ್ತವನ ಹೆಂಡತಿ. ಯಜಮಾನ ಉಂಪಾಂಗ್ ಗಾಬರಿಯಾದ. ಮುದುಕಿ ಉಟ್ಟ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ಒಂದು ಕೈಯಿಂದ ಪೆಟ್ಟಿಗೆ ತೋರಿಸಿದಳು.

"ಬೇಗ ಕತ್ತರಿಸೋ ಪುಣ್ಯಾತ್ಮ. ತಡೆಯೋಕಾಗ್ತಿಲ್ಲ."

ರೆನಾಂಗ್ ಕತ್ತರಿಸಿದ. ಹಳೆಯ ಹಗ್ಗ ಎರಡಾಗಿ ಬಿತ್ತು. ಯಾರೋ ಜಾಗಟೆಯನ್ನು ನೆಟ್ಟಗೆ ಮಾಡಿ ಬಾರಿಸಿಯೇ ಬಿಟ್ಟರು. ಅಲ್ಲಿಗೆ ಮನೆಗೆ ಮನೆಯೇ ಬಾಯಿ ಬಿಟ್ಟಿತು. ಲೂತಾ ಚಾಪೆಯ ಮೇಲೆ ಒರಗಿಕೊಂಡು ಮನಸೋ ಇಚ್ಛೆ ನಕ್ಕಳು. ಮೊಮ್ಮಗಳು ಒಳಗೆ ಓಡಿ ಕೆಂಪು ರವಿಕೆ ತಂದು ಅಜ್ಜಿಗೆ ತೊಡಿಸಿದಳು. ಮೂವತ್ತು ಬಾಗಿಲಿನಿಂದಲೂ ಬಿದಿರಿನಲ್ಲಿ ಬೆಂದ ಕೋಳಿ, ಅನ್ನದ ಎಲೆ ಪೊಟ್ಟಣಗಳು ಹೊರಬಂದವು.

ಸಂಜೆಯ ಹೊತ್ತಿಗೆ ಯಜಮಾನ ಕ್ಲೆಮೆಂಟನನ್ನು ನಡುವೆ ಕೂರಿಸಿಕೊಂಡು ರಸ್ತೆಯ ಮಾತು ತೆಗೆದಿದ್ದ. ಈಗ ತರುತ್ತೇನೆ ಎನ್ನಬಹುದಿತ್ತು, ಹುಡುಗ ಎನ್ನುತ್ತಿದ್ದ, ಜನ ಸುತ್ತುಗಟ್ಟಿ ಕೇಳುತ್ತಿದ್ದರು. ರೆನಾಂಗನ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅವನು ಪೆಟ್ಟಿಗೆಯ ಪಕ್ಕ ಗೋಡೆಗೆ ಒರಗಿ ಕೂತು, ಬೇಡವೆಂದು ವೈದ್ಯರು ಹೇಳಿದ್ದ ತುವಾಕನ್ನು ಕುಡಿಯುತ್ತಿದ್ದ. ಲೂತಾ ಬಂದು ಪಕ್ಕದಲ್ಲಿ ಕೂತು ಲೋಟ ತುಂಬಿಸಿದಳು.

"ಈ ಸಲ ನೀನು ನಿಂತಿದ್ರೆ ಈ ಮನೆ ಅಷ್ಟೂ ವೋಟು ನಿಂಗೇ ಬೀಳ್ತಿತ್ತು."

"ನಿಂತಿಲ್ಲವಲ್ಲ ಅಕ್ಕ."

"ಗೊತ್ತು. ನಿಂತಿದ್ರೆ ಹೇಳ್ತಿರ್ಲಿಲ್ಲ."

ಅವನು ನಗಲು ಹೋದ. ಆಗದೆ ಪೆಟ್ಟಿಗೆಯ ಕಡೆ ತಿರುಗಿದ.

"ಎದುರಿಗೆ ನಿಲ್ಲೋಕೆ ಅವನೇ ಇಲ್ದಿದ್ ಮೇಲೆ ನಾನು ಯಾಕೆ ನಿಲ್ಲಲಿ?" ಎಂದ.

ಲೂತಾ ಅವನ ಬೆನ್ನ ಮೇಲೆ ಕೈ ಇಟ್ಟಳು. ಜಾಗಟೆಯ ಸದ್ದಿನಲ್ಲಿ, ಅಷ್ಟು ಜನರ ನಡುವೆ, ರೆನಾಂಗ್ ಮೊದಲ ಸಲ ಜೆಲಿಯಾನನಿಗಾಗಿ ಅತ್ತ.